ಬೀಗ ಹಾಕಿದ ನೀಲಿ ಬಾನಿ

"ಗುರುಗಳೇ, ಮನೆ, ಹೊಲ ಎಲ್ಲವನ್ನೂ ಮಗನ ಹೆಸರಿಗೆ ಬರೆಸಿದ್ದೇನೆ. ಮಗಳಿಗೆ ಏನೂ ಇಲ್ಲ. ನನ್ನ ಮಾತು ಮೀರಿ ಮದುವೆಯಾದವಳು ಅವಳು. ಇದರಲ್ಲಿ ತಪ್ಪುಂಟೇ?" ಎಂದು ದ್ಯಾಮಣ್ಣನೆಂಬ ಶಿಷ್ಯ ಕೇಳಿದ. ಪತ್ರ ಅವನ ಕಂಕುಳಲ್ಲೇ ಇತ್ತು.

"ಸರಿ ತಪ್ಪು ಆಮೇಲೆ ನೋಡೋಣ. ಮೊದಲು ಆ ಮುಖದ ಗಂಟು ಬಿಡಿಸಿ ಕೂತುಕೋ ಮಾರಾಯ" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಬಣ್ಣಗಾರನಿದ್ದ. ದೊಡ್ಡ ಮಣ್ಣಿನ ಬಾನಿಯಲ್ಲಿ ಅದ್ದಿ ಸೀರೆಗಳಿಗೆ ನೀಲಿ ಹಾಕುವುದು ಅವನ ಕಸುಬು. ನೀಲಿ ಬಾನಿ ಅಂದರೆ ಬರೀ ಬಣ್ಣದ ನೀರಲ್ಲ, ತಿಳಿಯಿತೇ? ಅದಕ್ಕೆ ಜೀವವಿದೆ. ದಿನಕ್ಕೆರಡು ಸಲ ಕದಡಬೇಕು, ಮೂಸಿ ನೋಡಿ ಸುಣ್ಣವನ್ನೋ ಬೆಲ್ಲವನ್ನೋ ಹಾಕಬೇಕು. ಹೊಸ ಬಾನಿಗೆ ಹಳೆಯ ಬಾನಿಯ ನೀರೇ ಹೆಪ್ಪು. ಅವನದು ಮುತ್ತಜ್ಜ ಹೂಡಿದ್ದ ಬಾನಿ. ಮನೆಯ ಹೆಣ್ಣು ಗಂಡನ ಮನೆಗೆ ಹೊರಟಾಗ ಅದರಿಂದ ಒಂದು ಗಡಿಗೆ ತುಂಬಿ ಕೊಡುವುದು ಅವರ ವಾಡಿಕೆ.

ಅವನ ಮಗಳು ತಾನು ಮೆಚ್ಚಿದವನ ಕೈ ಹಿಡಿದಳು. ಹುಡುಗನೂ ಬಣ್ಣಗಾರನೇ, ಆದರೆ ಅಪ್ಪ ಗೊತ್ತು ಮಾಡಿದವನಲ್ಲ. ಬಣ್ಣಗಾರ ಕೆಂಡವಾದ. ಎಲ್ಲವೂ ಮಗನಿಗೇ, ಒಂದು ಹನಿಯೂ ಅವಳಿಗಿಲ್ಲ ಎಂದು ಪತ್ರ ಬರೆಸಲು ಪಟ್ಟಣಕ್ಕೆ ಹೊರಟ. ಹೆಂಡತಿ ಎಲ್ಲಿ ಕದ್ದು ಗಡಿಗೆ ಕಳಿಸಿಬಿಡುತ್ತಾಳೋ ಎಂದು ಬಾನಿಯ ಕೋಣೆಗೆ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಎಂಥ ಬುದ್ಧಿವಂತ ನೋಡು! ಪಟ್ಟಣದಲ್ಲಿ ಬರೆಯುವವನು ಸಿಕ್ಕರೆ ಸಾಕ್ಷಿಗಳಿಲ್ಲ, ಸಾಕ್ಷಿಗಳು ಸಿಕ್ಕರೆ ಬರೆಯುವವನಿಲ್ಲ. ಹನ್ನೆರಡು ದಿನ ಕಳೆಯಿತು. ಪತ್ರ ಹಿಡಿದು ಬಂದು ಬಾಗಿಲು ತೆರೆದರೆ ಗಬ್ಬು ನಾತ. ಬಾನಿ ಸತ್ತಿತ್ತು. ಅದ್ದಿದ ಬಟ್ಟೆ ಮುಸುರೆ ನೀರಿನ ಬಣ್ಣಕ್ಕೆ ಬಂತು. ಅವನು ಅಲ್ಲೇ ಕೂತು ಗೊಳೋ ಎಂದು ಅತ್ತ. ಎಲ್ಲವನ್ನೂ ಬರೆಸಿಕೊಂಡ ಮಗ ಮೂಗು ಮುಚ್ಚಿಕೊಂಡು ನಿಂತಿದ್ದ.

ಸುದ್ದಿ ಕೇಳಿ ಮೂರನೆಯ ದಿನ ಮಗಳು ಬಂದಳು. ತಲೆಯ ಮೇಲೊಂದು ಗಡಿಗೆ, ಗಡಿಗೆಯಲ್ಲಿ ಅದೇ ಬಾನಿಯ ನೀರು. ಅವಳು ಹೊರಟ ದಿನ ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದಾಗಲೇ ತಾಯಿ ವಾಡಿಕೆ ನಡೆಸಿಯಾಗಿತ್ತು! ಆ ನೀರಿನಿಂದಲೇ ಮಗಳು ತನ್ನ ಮನೆಯಲ್ಲಿ ಬಾನಿ ಹೂಡಿದ್ದಳು.

ಬಣ್ಣಗಾರ ತಲೆ ಎತ್ತಲಾರದೆ, "ಇಷ್ಟನ್ನೂ ತಂದುಬಿಟ್ಟೆಯಲ್ಲ ಮಗಳೇ, ನಿನಗೇನು ಉಳಿಯಿತು?" ಎಂದ.

"ಕೊಟ್ಟರೆ ಬಾನಿ ಬರಿದಾಗುತ್ತದೆಯೇ ಅಪ್ಪಾ? ನೀರು, ಬೆಲ್ಲ ಹಾಕಿದರೆ ಮತ್ತೆ ಆಗುತ್ತದೆ. ನೀನೇ ಕಲಿಸಿದ್ದಲ್ಲವೇ? ಅಳು ಸಾಕು, ಸುಣ್ಣ ಎಲ್ಲಿಟ್ಟಿದ್ದೀಯೆ ಹೇಳು" ಎಂದಳು ಅವಳು.

ಅಪ್ಪ ಮಗಳು ಇಬ್ಬರೂ ಸೇರಿ ಬಾನಿ ಕದಡಿದರು. ಎಂಟು ದಿನಕ್ಕೆ ನೀಲಿ ನೊರೆ ಎದ್ದಿತು. ಮೊದಲು ಅದ್ದಿದ ಸೀರೆ ಹಸಿರಾಗಿ ಮೇಲೆ ಬಂದು, ಗಾಳಿ ತಾಗಿ ನೀಲಿಯಾಯಿತು. ಅವನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಆ ಸೀರೆಯನ್ನು ಮಗಳಿಗೇ ಉಡಿಸಿ, ಅಳಿಯನನ್ನೂ ಕರೆಸಿ, ಹೋಳಿಗೆ ಊಟ ಹಾಕಿಸಿದ.

ಕೇಳುತ್ತ ಕೇಳುತ್ತ ದ್ಯಾಮಣ್ಣನ ಮುಖ ಅರಳಿತ್ತು. "ಸದ್ಯ, ಒಳ್ಳೆಯದಾಯಿತಲ್ಲ! ಆದರೂ ಮುತ್ತಜ್ಜನ ಕಾಲದ ಬಾನಿ ಬರೀ ಹನ್ನೆರಡು ದಿನಕ್ಕೆ ಸಾಯುತ್ತದೆಯೇ ಗುರುಗಳೇ?" ಎಂದ.

ಗುರುಗಳು ನಕ್ಕರು.

"ಬಾನಿಯ ಮಾತು ಬಿಡು, ನೀನು ಮಗಳನ್ನು ಮಾತಾಡಿಸಿ ಎಷ್ಟು ದಿನವಾಯಿತು?"