ಹತ್ತು ವರ್ಷ ತುಂಬದ ಈರಯ್ಯ

ಸಕ್ಕರೆ ಕಾರ್ಖಾನೆಗಳಲ್ಲಿ ಬಾಯ್ಲರ್ ನೋಡಿಕೊಳ್ಳುವ ಈರಯ್ಯನಿಗೆ ಯಾವ ಊರಿನ ನೀರೂ ನಾಲ್ಕು ವರ್ಷಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಕೈಯಲ್ಲಿ ಕಸುಬಿತ್ತು, ಕರೆಯುವವರಿದ್ದರು. ಒಂದು ಕಾರ್ಖಾನೆ ಬಿಟ್ಟಾಗಲೆಲ್ಲ ಅಲ್ಲಿ ಜಮೆಯಾಗಿದ್ದ ಪಿಎಫ್, ಪಿಂಚಣಿ ಎರಡನ್ನೂ ಬಳಿದುಕೊಂಡೇ ಹೊರಡುತ್ತಿದ್ದ. ಒಮ್ಮೆ ಅದು ಮೋಟರ್ ಸೈಕಲ್ ಆಯಿತು. ಇನ್ನೊಮ್ಮೆ ಹೆಂಡತಿ ಪಾರವ್ವನ ಜೊತೆ ಕಾಶಿಯಾತ್ರೆ. ಮಿಕ್ಕದ್ದು ಎಲ್ಲಿ ಹೋಯಿತೋ ಅವನಿಗೇ ನೆನಪಿಲ್ಲ.

ಮೂರನೆಯ ಕಾರ್ಖಾನೆ ಬಿಡುವಾಗ ಜೊತೆಗಾರ ಹುಸೇನಸಾಬ ತಡೆದ.

“ರೊಕ್ಕ ತಗೀಬ್ಯಾಡೋ ಈರ್ಯಾ. ಹೊಸಾ ಫ್ಯಾಕ್ಟರಿಗೆ ವರ್ಗಾ ಮಾಡಿಸ್ಕೋ. ಹತ್ತು ವರ್ಷ ತುಂಬಿದ್ರ ಸಾಯೋತನಕ ಪಿಂಚಣಿ. ಅದರ ಜೋಡಿ ಬ್ಯಾಂಕಿನ್ಯಾಗ ನಿಂದ ಅಂತ ಒಂದು ಪಿಂಚಣಿ ಕಟ್ಟು. ನಾ ಕಟ್ಟಾಕತ್ತಿಲ್ಲೇನು?”

“ಎರಡೆರಡು ಯಾಕಲೇ? ನೀ ಏನ್ ಎರಡು ಸಲ ಮುದುಕ ಆಗಾಂವೇನು?”

“ಒಂದು ಕೆಟ್ರ ಇನ್ನೊಂದು ಇರಲಿ ಅಂತ, ಎರಡು ನೀರಿನ ಪಂಪ್ ಇಲ್ಲದ ಬಾಯ್ಲರಿಗೆ ಬೆಂಕಿ ಹಚ್ಚಾಂವಲ್ಲ ನೀ. ನಿನ್ನ ಹೊಟ್ಟಿಗೆ ಒಂದೂ ಬ್ಯಾಡೇನು?”

ಈರಯ್ಯ ನಕ್ಕು ಬಸ್ ಹತ್ತಿದ.

ಐವತ್ತೆಂಟು ದಾಟುವಷ್ಟರಲ್ಲಿ ಕಣ್ಣು ಮಂಜಾದವು. ಗೇಜಿನ ಮುಳ್ಳು ಕಾಣದವನ ಕೈಗೆ ಬಾಯ್ಲರ್ ಯಾರು ಕೊಟ್ಟಾರು? ಪಾರವ್ವನಿಗೋ ಮೊಣಕಾಲು ಹಿಡಿದಿತ್ತು. “ಅಲೆದಿದ್ದು ಸಾಕ್ರೀ. ಇನ್ನ ಮನ್ಯಾಗ ಕೂಡ್ರಿ, ಪಿಂಚಣಿ ಬರ್ತೈತೆಲ್ಲ” ಎಂದಳು. ಅವನು ಹ್ಞೂಂಗುಟ್ಟಿ ಪಿಂಚಣಿ ಕಚೇರಿಗೆ ಹೋದ.

“ಯಜಮಾನ್ರ, ಮೂವತ್ತು ವರ್ಷ ದುಡಿದೀರಿ, ಖರೇ,” ಎಂದ ಗುಮಾಸ್ತ. “ಬಿಟ್ಟಾಗೊಮ್ಮೆ ತಗೊಂಡು ಅಳಿಸಿಕೊಂಡೀರಿ. ಉಳಿದದ್ದು ಕಡೀ ಮೂರು ವರ್ಷ. ಹತ್ತು ಬೇಕ್ರೀ.”

ಈರಯ್ಯ ಹುಸೇನಸಾಬನ ಮನೆಗೆ ಹೋದ. ಬೈಯಲಿ ಎಂದೇ ಹೋದ. ಅವನು ಬೈಯಲಿಲ್ಲ, ಚಹಾ ಕೊಟ್ಟ.

“ಕಂಪನಿ ಪಿಂಚಣಿ ನಮಗ ಜ್ವಾಳಕ್ಕ ಆಗ್ತೈತಿ, ಅಷ್ಟ. ನಮ್ಮಕಿ ಸಕ್ಕರಿ ಬ್ಯಾನಿ ಗುಳಿಗಿಗೆ ನಾ ಕಟ್ಟಿದ್ದು ಬರ್ತೈತಿ. ಎರಡೂ ಕೂಡಿದ್ರನ ಸಂಸಾರ, ಈರ್ಯಾ.”

ಮರುವಾರ ಈರಯ್ಯ ಒಂದು ಕಾರ್ಖಾನೆಯಲ್ಲಿ ಗೇಟು ಕಾಯುವ ಕೆಲಸಕ್ಕೆ ನಿಂತ. ಫಾರ್ಮು ತುಂಬುತ್ತಿದ್ದ ಹುಡುಗಿಗೆ, “ತಂಗೀ, ಈ ಸಲ ಪಿಂಚಣಿ ಹಿಡೀರಿ. ನಾ ತಗಿಯಂಗಿಲ್ಲ” ಎಂದ.

ಅವಳು ಆ ಖಾನೆಯ ಮೇಲೆ ಅಡ್ಡಗೆರೆ ಎಳೆದಳು. “ಐವತ್ತೆಂಟು ದಾಟಿದವ್ರಿಗೆ ಇದು ಬರಂಗಿಲ್ಲ, ಅಜ್ಜಾರ.”

ನೀತಿ: ದುಡಿದ ಕಡೆಯ ಪಿಂಚಣಿಯನ್ನು ನಡುವೆ ಮುರಿಯಬೇಡಿ; ಅದೊಂದನ್ನೇ ನಂಬಿಯೂ ಕೂರಬೇಡಿ. ನಿಮ್ಮದೇ ಇನ್ನೊಂದನ್ನು ಜೊತೆಗೆ ಕಟ್ಟುತ್ತ ಬನ್ನಿ. ಮುಪ್ಪಿನಲ್ಲಿ ಬುದ್ಧಿ ಬಂದೀತು, ಬಿಟ್ಟುಬಂದ ವರ್ಷಗಳು ಬಾರವು.