ಹೊನ್ನಿಯ ಹೆಸರು ಎಲ್ಲಿ ನಿಂತಿತು?

ಎರಡೂ ಕಿವಿ ಇದೆಯಾ? ಮುಟ್ಟಿ ನೋಡಿಕೊಳ್ಳಿ. ಇದೆ ತಾನೆ? ಹಾಗಾದರೆ ಕೇಳಿ.

ಒಂದೂರಲ್ಲಿ ಹೊನ್ನಿ ಅಂತ ಒಬ್ಬಳು ಹುಡುಗಿ. ಹೊನ್ನಿಯ ಜೇಬಲ್ಲಿ ಒಂದು ಆಟದ ಕಪ್ಪೆ. ಸ್ವಲ್ಪ ಅಲುಗಾಡಿದರೆ ಸಾಕು, ಕೂಗುತ್ತೆ. ವಟ್ ವಟ್!

ಲೈಬ್ರರಿ ಪುಸ್ತಕ ಬೇಕಾದ ಊರವರೆಲ್ಲ ಸ್ಕೂಲಲ್ಲೇ ಹೆಸರು ಕೊಡಬೇಕು. ನಿನ್ನೆ ಹೊನ್ನಿಯೂ ತನ್ನ ಹೆಸರು ಕೊಟ್ಟಳು. ಸ್ಕೂಲಿನ ಕರಿ ಸರ್ವರ್ ಬರೆದುಕೊಂಡಿತು. ಸರ್ವರ್ ಅಂದರೆ ಏನು? ಎಲ್ಲರ ಹೆಸರನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳೋ ಡಬ್ಬಿ. ಪಕ್ಕದ ಲೈಬ್ರರಿಯಲ್ಲಿ ಇನ್ನೊಂದು ಡಬ್ಬಿ. ಅದು ಬಿಳಿ ಸರ್ವರ್. ದಿನಾ ಮಧ್ಯಾಹ್ನ ಕರಿ ಸರ್ವರಿನಲ್ಲಿ ಇದ್ದದ್ದೆಲ್ಲ ಬಿಳಿ ಸರ್ವರಿಗೆ ನಕಲಾಗುತ್ತೆ.

ಇವತ್ತು ಹೊನ್ನಿ ಲೈಬ್ರರಿಗೆ ಓಡಿದಳು. ಯಾಕೆ? ಪುಸ್ತಕ ತರೋಕೆ. ಯಾವ ಪುಸ್ತಕ? ಆನೆಗೆ ನೆಗಡಿ ಬಂದ ಪುಸ್ತಕ! ಊರಿಗೆಲ್ಲ ಇರೋದು ಅದೊಂದೇ.

"ಮಾದಪ್ಪಜ್ಜ, ಆನೆ ಪುಸ್ತಕ ಕೊಡಿ."

ಲೈಬ್ರರಿ ಮಾದಪ್ಪಜ್ಜ ಬಿಳಿ ಸರ್ವರಿನ ಪರದೆ ನೋಡಿದರು. ಮೇಲಿಂದ ಕೆಳಕ್ಕೆ ನೋಡಿದರು. ಕೆಳಗಿಂದ ಮೇಲಕ್ಕೆ ನೋಡಿದರು.

"ನಿನ್ನ ಹೆಸರೇ ಇಲ್ವಲ್ಲ ಕೂಸೇ. ಹೆಸರಿಲ್ಲದೆ ಪುಸ್ತಕ ಇಲ್ಲ. ಊಟಕ್ಕೆ ಬಾಗಿಲು ಹಾಕೋದ್ರೊಳಗೆ ಹೆಸರು ಬಂದ್ರೆ ಪುಸ್ತಕ ನಿಂದು. ಬರದಿದ್ರೆ ಮುಂದಿನವ್ರದು."

ಅಯ್ಯೋ! ಹೊನ್ನಿಯ ಹೆಸರು ಕಳೆದುಹೋಯಿತು.

"ನೀವೇ ಬರ್ಕೊಳ್ಳಿ ಅಜ್ಜ!"

"ನಾನಾ? ಬರೀತಿದ್ದೆ, ಒಂದು ಕಾಲದಲ್ಲಿ. ಊರಿನ ಹೆಸರೆಲ್ಲ ಒಂದೊಂದಾಗಿ ಬರೀತಿದ್ದೆ. ಬೆರಳು ಬಾತುಹೋಗ್ತಿತ್ತು. ಈಗ ಎಲ್ಲಾ ತಾನಾಗೇ ಆಗುತ್ತೆ!"

ಹಾಗಂದು ಅಜ್ಜ ಎಲೆ ಮಡಿಸಿ ಬಾಯಿಗೆ ಹಾಕಿಕೊಂಡರು. ಪಾಪ, ಅದೊಂದು ಮಾತ್ರ ತಾನಾಗೇ ಆಗಲಿಲ್ಲ.

ಹೊನ್ನಿ ಬಿಳಿ ಸರ್ವರ್ ಹತ್ತಿರ ಹೋದಳು. ವಟ್ ವಟ್!

"ಬಿಳಿ ಸರ್ವರೇ, ಬಿಳಿ ಸರ್ವರೇ, ನನ್ನ ಹೆಸರು ತೋರಿಸು! ನೀನು ತೋರಿಸೋಲ್ಲ, ಅಜ್ಜ ಪುಸ್ತಕ ಕೊಡೋಲ್ಲ!"

"ವಯರು ತಂದರೆ ತಾನೆ ನಾನು ತೋರಿಸೋದು? ವಯರು ತರಲಿಲ್ಲ, ನಾನು ತೋರಿಸೋಲ್ಲ. ಹೋಗು, ಎಲ್ಲಾ ತಾನಾಗೇ ಆಗುತ್ತೆ."

ಹೊನ್ನಿ ವಯರಿನ ಹತ್ತಿರ ಹೋದಳು. ವಟ್ ವಟ್! ವಯರು ಬೇವಿನ ಮರಕ್ಕೆ ಜೋತುಬಿದ್ದಿತ್ತು. ಅದರ ಮೇಲೊಂದು ಕಾಗೆ.

"ವಯರೇ, ವಯರೇ, ನನ್ನ ಹೆಸರು ತಾ! ನೀನು ತರೋಲ್ಲ, ಬಿಳಿ ಸರ್ವರ್ ತೋರಿಸೋಲ್ಲ, ಅಜ್ಜ ಪುಸ್ತಕ ಕೊಡೋಲ್ಲ!"

"ಕರಿ ಸರ್ವರ್ ಕಳಿಸಿದರೆ ತಾನೆ ನಾನು ತರೋದು? ಅದು ಕಳಿಸಲಿಲ್ಲ, ನಾನು ತರೋಲ್ಲ. ನೋಡು, ಕಾಗೆ ಜೋಕಾಲಿ ಆಡ್ತಿದೆ. ಹೋಗು, ಎಲ್ಲಾ ತಾನಾಗೇ ಆಗುತ್ತೆ."

ಹೊನ್ನಿ ಸ್ಕೂಲಿಗೆ ಓಡಿದಳು. ಕರಿ ಸರ್ವರ್ ಹತ್ತಿರ ಹೋದಳು. ವಟ್ ವಟ್!

"ಕರಿ ಸರ್ವರೇ, ಕರಿ ಸರ್ವರೇ, ನನ್ನ ಹೆಸರು ಕಳಿಸು! ನೀನು ಕಳಿಸೋಲ್ಲ, ವಯರು ತರೋಲ್ಲ, ಬಿಳಿ ಸರ್ವರ್ ತೋರಿಸೋಲ್ಲ, ಅಜ್ಜ ಪುಸ್ತಕ ಕೊಡೋಲ್ಲ!"

"ಚೀಟಿ ಹೇಳಿದರೆ ತಾನೆ ನಾನು ಕಳಿಸೋದು? ಚೀಟಿ ಹೇಳಲಿಲ್ಲ, ನಾನು ಕಳಿಸೋಲ್ಲ."

"ನಂದೊಂದೇ ಕಳಿಸು. ಪುಟ್ಟ ಹೆಸರು. ಎರಡೇ ಅಕ್ಷರ!"

"ಬಿಡಿ ಬಿಡಿಯಾಗಿ ಕಳಿಸೋಲ್ಲ. ಕಳಿಸಿದರೆ ಎಲ್ಲರನ್ನೂ ಕಳಿಸ್ತೀನಿ. ಇಲ್ಲದಿದ್ದರೆ ಯಾರನ್ನೂ ಇಲ್ಲ. ಹೋಗು, ಎಲ್ಲಾ ತಾನಾಗೇ ಆಗುತ್ತೆ."

ಹೊನ್ನಿ ಚೀಟಿಯ ಹತ್ತಿರ ಹೋದಳು. ವಟ್ ವಟ್! ಅದು ಮಾದಪ್ಪಜ್ಜ ಬರೆದು ಕರಿ ಸರ್ವರಿಗೆ ಅಂಟಿಸಿಟ್ಟ ಚೀಟಿ. 'ಗಡಿಯಾರ ಹನ್ನೆರಡು ಬಾರಿಸಿದ ಕೂಡಲೆ ಎಲ್ಲ ಹೆಸರೂ ಕಳಿಸು' ಅಂತ ಅದರಲ್ಲಿತ್ತು. ಚೀಟಿ ಗೊರಕೆ ಹೊಡೀತಿತ್ತು.

"ಚೀಟಿಯೇ, ಚೀಟಿಯೇ, ಎದ್ದೇಳು! ನೀನು ಏಳೋಲ್ಲ, ಕರಿ ಸರ್ವರ್ ಕಳಿಸೋಲ್ಲ, ವಯರು ತರೋಲ್ಲ, ಬಿಳಿ ಸರ್ವರ್ ತೋರಿಸೋಲ್ಲ, ಅಜ್ಜ ಪುಸ್ತಕ ಕೊಡೋಲ್ಲ!"

ಚೀಟಿ ಒಂದು ಕಣ್ಣು ಬಿಟ್ಟಿತು.

"ಗಡಿಯಾರ ಬಾರಿಸಿದರೆ ತಾನೆ ನಾನು ಏಳೋದು? ಅದು ಬಾರಿಸಲಿಲ್ಲ, ನಾನು ಏಳೋಲ್ಲ. ಹೋಗು, ಎಲ್ಲಾ ತಾನಾಗೇ... ಗೊರ್‌ರ್‌ರ್!"

ಹೊನ್ನಿ ಗಡಿಯಾರದ ಹತ್ತಿರ ಹೋದಳು. ವಟ್ ವಟ್! ಗಡಿಯಾರ ಅಲ್ಲೇ ಪಕ್ಕದ ಮೇಜಿನ ಮೇಲೆ ಸುಮ್ಮನೆ ಕೂತಿತ್ತು. ಮುಳ್ಳು ಹನ್ನೆರಡಕ್ಕೆ ಐದು ನಿಮಿಷ ಇದೆ ಅಂತಿತ್ತು.

"ಗಡಿಯಾರವೇ, ಗಡಿಯಾರವೇ, ಹನ್ನೆರಡು ಬಾರಿಸು! ನೀನು ಬಾರಿಸೋಲ್ಲ, ಚೀಟಿ ಏಳೋಲ್ಲ, ಕರಿ ಸರ್ವರ್ ಕಳಿಸೋಲ್ಲ, ವಯರು ತರೋಲ್ಲ, ಬಿಳಿ ಸರ್ವರ್ ತೋರಿಸೋಲ್ಲ, ಅಜ್ಜ ಪುಸ್ತಕ ಕೊಡೋಲ್ಲ!"

"ಸೆಲ್ಲು ಇದ್ದರೆ ತಾನೆ ನಾನು ಬಾರಿಸೋದು? ನಿನ್ನೆ ಯಾರೋ ಬಂದರು. ನನ್ನ ಬೆನ್ನು ಬಿಚ್ಚಿದರು. ಸೆಲ್ಲು ತಗೊಂಡು ಹೋದರು. ಯಾರು ಅಂತ ಮಾತ್ರ ನಾನು ಹೇಳೋಲ್ಲ."

ಹೊನ್ನಿ ಕದಲಲಿಲ್ಲ. ಉಸಿರು ಬಿಗಿ ಹಿಡಿದು ನಿಂತಳು. ಆದರೂ ಜೇಬು ಸುಮ್ಮನಿರಬೇಕಲ್ಲ?

ವಟ್ ವಟ್!

"ನಾನು ಹೇಳಲಿಲ್ಲಪ್ಪ," ಅಂತು ಗಡಿಯಾರ. "ಕಪ್ಪೆಯೇ ಹೇಳಿತು."

ಹೊನ್ನಿಯ ಕಿವಿ ಬಿಸಿಯಾಯಿತು. ನಿನ್ನೆ ಕಪ್ಪೆಯ ಸೆಲ್ಲು ಮುಗಿದಿತ್ತು. ಹೆಸರು ಕೊಟ್ಟು ಹೊರಡುವಾಗ ಗಡಿಯಾರ ಕಂಡಿತ್ತು. 'ಒಂದು ಸೆಲ್ಲು ತಾನೆ, ಏನಾದೀತು?' ಅಂದುಕೊಂಡಿದ್ದಳು. ಏನಾಯಿತು ಅಂತ ಈಗ ಗೊತ್ತಾಯಿತು!

ಸೆಲ್ಲು ಕೊಟ್ಟರೆ ಕಪ್ಪೆ ಕೂಗೋಲ್ಲ. ಕೊಡದಿದ್ದರೆ? ಗಡಿಯಾರ ಬಾರಿಸೋಲ್ಲ, ಚೀಟಿ ಏಳೋಲ್ಲ, ಕರಿ ಸರ್ವರ್ ಕಳಿಸೋಲ್ಲ, ವಯರು ತರೋಲ್ಲ, ಬಿಳಿ ಸರ್ವರ್ ತೋರಿಸೋಲ್ಲ, ಅಜ್ಜ ಪುಸ್ತಕ ಕೊಡೋಲ್ಲ. ಹೊನ್ನಿಗೆ ಅಳು ಬಂತು. ಕಪ್ಪೆಗೊಂದು ಮುತ್ತು ಕೊಟ್ಟಳು. ಸೆಲ್ಲು ತೆಗೆದಳು. ಗಡಿಯಾರದ ಬೆನ್ನಿಗೆ ಹಾಕಿದಳು.

"ತಪ್ಪಾಯ್ತು ಗಡಿಯಾರಣ್ಣ."

ಟಿಕ್. ಟಿಕ್. ಟಿಕ್. ಐದು ನಿಮಿಷ ಅಂದರೆ ಎಷ್ಟು ಉದ್ದ! ಹೊನ್ನಿ ಒಂಟಿಕಾಲಲ್ಲಿ ನಿಂತಳು. ಇನ್ನೊಂದು ಕಾಲಲ್ಲಿ ನಿಂತಳು. ಆಮೇಲೆ...

ಟಣ್ ಟಣ್ ಟಣ್! ಟಣ್ ಟಣ್ ಟಣ್! ಟಣ್ ಟಣ್ ಟಣ್! ಟಣ್ ಟಣ್ ಟಣ್!

ಗಡಿಯಾರ ಬಾರಿಸಿತು, ಚೀಟಿ ಎದ್ದಿತು. ಚೀಟಿ ಎದ್ದಿತು, ಕರಿ ಸರ್ವರ್ ಕಳಿಸಿತು. ಒಬ್ಬರನ್ನಲ್ಲ, ಎಲ್ಲರನ್ನೂ! ಅಕ್ಕಯ್ಯಮ್ಮ ಹೊರಟರು. ಕಾಳಮ್ಮ ಹೊರಟರು. ನಾಗಶೆಟ್ಟರು ಹೊರಟರು. ಮಾಯಿಗೌಡರು ಹೊರಟರು. ಸಣ್ಣತಾಯಮ್ಮ ಹೊರಟರು. ಹೊನ್ನಿ? ಕಟ್ಟಕಡೆಗೆ. ಅಕ್ಷರಮಾಲೆಯಲ್ಲಿ ಹ ಎಲ್ಲಿ ಬರುತ್ತೆ ನೀವೇ ಹೇಳಿ!

ಕರಿ ಸರ್ವರ್ ಕಳಿಸಿತು, ವಯರು ತಂದಿತು. ಕಾಗೆ ಬೆಚ್ಚಿ ಹಾರಿತು. ಮೇಲೆ ಹೆಸರು ಓಡಿತು, ಕೆಳಗೆ ಹುಡುಗಿ ಓಡಿದಳು.

ಲೈಬ್ರರಿ ಬಾಗಿಲಲ್ಲಿ ಅಜ್ಜ ನಿಂತಿದ್ದರು. ಕೈಯಲ್ಲಿ ಬೀಗ!

"ಅಜ್ಜ, ತಾಳಿ! ಇನ್ನೊಂದು ಸಲ ನೋಡಿ!"

ಅಜ್ಜ ಒಳಗೆ ಬಂದು ನೋಡಿದರು. ಅಕ್ಕಯ್ಯಮ್ಮ ಇದ್ದರು. ಕಾಳಮ್ಮ ಇದ್ದರು. ನಾಗಶೆಟ್ಟರು ಇದ್ದರು. ಮಾಯಿಗೌಡರು ಇದ್ದರು. ಸಣ್ಣತಾಯಮ್ಮ ಇದ್ದರು. ಎಲ್ಲರ ಕೆಳಗೆ, ಏದುಸಿರು ಬಿಡುತ್ತಾ, ಹೊನ್ನಿ!

ವಯರು ತಂದಿತು, ಬಿಳಿ ಸರ್ವರ್ ತೋರಿಸಿತು. ಬಿಳಿ ಸರ್ವರ್ ತೋರಿಸಿತು, ಅಜ್ಜ ಪುಸ್ತಕ ಕೊಟ್ಟರು.

"ನೋಡಿದ್ಯಾ?" ಅಂದರು ಅಜ್ಜ, ಮೀಸೆ ತಿರುವುತ್ತಾ. "ಹೇಳ್ಲಿಲ್ವಾ ನಾನು? ಎಲ್ಲಾ ತಾನಾಗೇ ಆಗುತ್ತೆ!"

"ಆಗುತ್ತೆ ಅಜ್ಜ," ಅಂದಳು ಹೊನ್ನಿ. "ಆದ್ರೆ ಒಂದು ಸೆಲ್ಲು ಇರ್ಬೇಕು."

ಹೊನ್ನಿ ಮನೆಗೆ ಬಂದಳು. ಕಪ್ಪೆಯನ್ನು ತೊಡೆ ಮೇಲೆ ಕೂರಿಸಿಕೊಂಡಳು. ಪುಸ್ತಕ ತೆರೆದಳು. ಆನೆ ಸೀನಿತು. ಆಕ್ಷೀ! ಕಪ್ಪೆ ನಗಬೇಕಿತ್ತು. ಅಲುಗಾಡಿಸಿದಳು. ಕಪ್ಪೆ ಸುಮ್ಮನಿತ್ತು. ಇನ್ನೊಮ್ಮೆ ಅಲುಗಾಡಿಸಿದಳು. ಆಗಲೂ ಸುಮ್ಮನಿತ್ತು.

ಆಗ ಹೊನ್ನಿ ಏನು ಮಾಡಿದಳು ಗೊತ್ತಾ? ಆ ಕಡೆ ನೋಡಿದಳು. ಈ ಕಡೆ ನೋಡಿದಳು. ಕಪ್ಪೆಯ ಪರವಾಗಿ ತಾನೇ ಕೂಗಿದಳು.

ವಟ್ ವಟ್!

ಮುಗಿಯಿತು. ನಿಮ್ಮ ಕಿವಿ ಇನ್ನು ನಿಮಗೇ. ಆದರೆ ಮನೆಯ ಗಡಿಯಾರ ನಡೀತಿದೆಯಾ, ಹೋಗಿ ನೋಡಿ. ನಿಮ್ಮ ಜೇಬನ್ನೂ ನೋಡಿಕೊಳ್ಳಿ.