ಗಾಜಿನ ಮೇಲೆ ಉಳಿದ ಕೈ

ಗದಗಿನ ಬಟ್ಟೆ ಅಂಗಡಿಯ ಸಾಹುಕಾರ ಅಂದಾನಪ್ಪನವರು ತಮ್ಮನ ಜೊತೆ ಜಗಳಾಡಿ ಬೇರೆಯಾಗಿದ್ದರು. ಅಂಗಡಿಯ ಗಾಜಿನ ಬಾಗಿಲ ಮೇಲೆ ಮಾತ್ರ ಅಣ್ಣ ತಮ್ಮ ಇನ್ನೂ ಜೋಡಿಯಾಗಿ ನಿಂತಿದ್ದರು. ಆ ಚಿತ್ರವನ್ನು ಸ್ಪ್ರೇ ಗನ್ನಿನಿಂದ ಬರೆದಿದ್ದ ಪೇಂಟರ್ ದಾವಲಸಾಬನನ್ನು ಸಾಹುಕಾರರು ಕರೆಸಿದರು.

"ಅವನ್ನ ಅಳಸು. ನನ್ನ ಚಿತ್ರ ಕೂದಲೆಳಿಯಷ್ಟೂ ಕೆಡಬಾರದು. ಕೆಟ್ಟರ ಈ ಪ್ಯಾಟ್ಯಾಗ ನಿನಗ ಕೆಲಸ ಇಲ್ಲ."

ದಾವಲಸಾಬ ಬ್ಲೇಡಿನಿಂದ ಬಣ್ಣ ಕೆರೆದ. ಸ್ಪಿರಿಟ್ ಹಚ್ಚಿ, ಬೆರಳ ಗುರುತೂ ಉಳಿಯದಂತೆ ಗಾಜು ಒರೆಸಿದ. ತಮ್ಮ ಹೋದ. ಅಣ್ಣನ ಹೆಗಲ ಮೇಲೆ ತಮ್ಮನ ಕೈ ಮಾತ್ರ ಉಳಿಯಿತು.

"ಇದೇನೋ ಇದು?"

"ಅದನ್ನ ಕೆರೆದ್ರ ನಿಮ್ಮ ಹೆಗಲೂ ಹೋಗ್ತದ್ರೀ. ಕೆಡಬಾರದು ಅಂತ ನೀವ ಅಂದೀರಿ."

"ಯಾರ ಕೈ ಅಂತ ಮಂದಿ ಕೇಳೂದಿಲ್ಲೇನು?"

"ಯಾಕ ಕೇಳ್ತಾರ್ರೀ, ಎಲ್ಲಾರಿಗೂ ಗೊತ್ತೈತಲ್ಲ."

ಸಾಹುಕಾರರು ಗಾಜಿನ ಮೇಲಿನ ಆ ಕೈಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಮೆಲ್ಲಗೆ, "ಅವನ್ನ ತಿರುಗಿ ಬರಿ," ಅಂದರು.

"ಗಾಜು ತಯಾರೈತ್ರೀ. ಆದ್ರ ಸಣ್ಣ ಸಾಹುಕಾರ್ರು ಬಂದು ಎದುರಿಗೆ ಕುಂಡ್ರಬೇಕು. ನೆನಪಿನಿಂದ ಮಾರಿ ಬರಿಯಾಕ ನನಗ ಬರಂಗಿಲ್ಲ."

ಸಾಹುಕಾರರು ಚಪ್ಪಲಿ ಮೆಟ್ಟಿಕೊಂಡು ತಾವೇ ತಮ್ಮನ ಮನೆಗೆ ಹೊರಟರು.

ದಾವಲಸಾಬ ಹೇಳಿದ್ದು ಸುಳ್ಳು. ಅವನ ಒಂಟಿ ಕೋಣೆಯ ಕಿಟಕಿ ಗಾಜುಗಳ ಮೇಲೆಲ್ಲ ತೀರಿಹೋದ ಹೆಂಡತಿ ಮಾಬೂಬಿಯ ಮುಖವಿತ್ತು. ಒಂದೊಂದನ್ನೂ ಅವನು ನೆನಪಿನಿಂದಲೇ ಬರೆದಿದ್ದ.